ಮರುಮುದ್ರಣವೂ ಮರೆತ ಹೆಸರುಗಳೂ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬನಶಂಕರಿ ಎರಡನೆಯ ಹಂತದ ತನ್ನ ಮನೆಗೆ ಕರೆದಿದ್ದ. "ಮೇಷ್ಟ್ರೇ, ನಿಮ್ಮ ಜಾನಪದದ ಪಾಠ ನೆನಪಾಗುವಂಥ ಒಂದು ಹಾಡು ಸಿಕ್ಕಿದೆ, ಕಾಫಿಗೆ ಬನ್ನಿ" ಎಂಬುದು ಆಹ್ವಾನದ ಸಾರ. ಗಣಕಯಂತ್ರದ ಉದ್ಯೋಗದಲ್ಲಿರುವ ಈ ತರುಣನ ಹಜಾರದಲ್ಲಿ ಟೀವಿ ಇರಬೇಕಾಗಿದ್ದ ಸ್ಥಳದಲ್ಲಿ ಒಂದು ರೆಕಾರ್ಡ್ ಪ್ಲೇಯರು ವಿರಾಜಮಾನವಾಗಿತ್ತು. ಆತ ರಟ್ಟಿನ ಹೊದಿಕೆಯಿಂದ ಹನ್ನೆರಡು ಅಂಗುಲದ ಕಪ್ಪು ಪ್ಲೇಟನ್ನು ಅಂಚು ಹಿಡಿದು ಹೊರತೆಗೆದು, ಬ್ರಷ್ಷಿನಿಂದ ಧೂಳು ತೊಡೆದು, ದೇವರ ಮನೆಯಲ್ಲಿ ದೀಪ ಹಚ್ಚುವವನ ಎಚ್ಚರದಿಂದ ಮುಳ್ಳನ್ನು ಇಳಿಸಿದ. ಕೊಂಚ ಚಟಪಟ ಸದ್ದು; ಆಮೇಲೆ ಪಿಟೀಲು, ವಿದ್ಯುತ್ ಗಿಟಾರು, ಡ್ರಮ್ಮು; ಅವುಗಳ ನಡುವೆ ಒಬ್ಬ ಹೆಣ್ಣುಮಗಳ ನಿರಾಭರಣವಾದ ಕಂಠ. ಹಾಡು ಇಂಗ್ಲೆಂಡಿನ ಒಂದು ಹಳೆಯ ಕಥನಗೀತೆ. ಪ್ಲೇಟು ಮೊದಲು ಪ್ರಕಟವಾದುದು ೧೯೬೯ರ ಡಿಸೆಂಬರಿನಲ್ಲಿ. ನಾನು ಕೇಳುತ್ತಿದ್ದುದು ಅದರ ಇತ್ತೀಚಿನ ಮರುಮುದ್ರಣ. ಬೆಲೆ ಕೇಳಿದೆ. ಹೇಳಿದ. ಕಾಫಿ ನೆತ್ತಿಗೇರಿತು.

ಮನೆಗೆ ಹಿಂತಿರುಗುವಾಗ ಮನಸ್ಸಿನಲ್ಲಿ ಉಳಿದುದು ಆ ಬೆಲೆಯಲ್ಲ, ಒಂದು ಪ್ರಶ್ನೆ. ಅದೇ ಕಾಲದ ಕನ್ನಡದ ಹಾಡೊಂದನ್ನು ಇಷ್ಟು ಆಸ್ಥೆಯಿಂದ ಮತ್ತೆ ಅಚ್ಚು ಹಾಕಬೇಕೆಂದು ಯಾರಾದರೂ ಹೊರಟರೆ, ಅದರ ಹೊದಿಕೆಯ ಮೇಲೆ ಏನನ್ನು ಬರೆಯುತ್ತಾರೆ? ಈ ಪ್ರಶ್ನೆಯನ್ನು ಸಹೃದಯರ ಮುಂದಿಡುವುದಕ್ಕಾಗಿಯೇ ಈ ಲೇಖನ.

*

ಪ್ಲೇಟುಗಳ ಪುನರಾಗಮನ ಈಗ ಕೆಲವೇ ಹವ್ಯಾಸಿಗಳ ಹುಚ್ಚಾಗಿ ಉಳಿದಿಲ್ಲ. ೨೦೨೨ರಲ್ಲಿ ಅಮೆರಿಕದಲ್ಲಿ ಸುಮಾರು ೪.೧ ಕೋಟಿ ವಿನೈಲ್ ಪ್ಲೇಟುಗಳು ಮಾರಾಟವಾದುವು. ಅವುಗಳನ್ನು ಮೂಲೆಗೆ ತಳ್ಳಿದ್ದ ಸೀಡಿಗಳು ಆ ವರ್ಷ ಮಾರಾಟವಾದುದು ೩.೩ ಕೋಟಿ. ೧೯೮೭ರಿಂದೀಚೆಗೆ ಎಣಿಕೆಯಲ್ಲಿ ಪ್ಲೇಟು ಸೀಡಿಯನ್ನು ಮೀರಿಸಿದ್ದು ಅದೇ ಮೊದಲು. ಪ್ಲೇಟು ತಯಾರಿಕೆ ನಿಂತೇಹೋಗಿದ್ದ ನಮ್ಮ ದೇಶದಲ್ಲಿಯೂ ಮುಂಬಯಿಯ ಸರಹದ್ದಿನಲ್ಲಿ ಹೊಸ ಅಚ್ಚಿನ ಯಂತ್ರಗಳು ಮತ್ತೆ ತಿರುಗತೊಡಗಿವೆ. ಜಯನಗರ, ಜೆ. ಪಿ. ನಗರಗಳ ಕಾಫಿ ಮಂದಿರಗಳಲ್ಲಿ ಹಳೆಯ ಪ್ಲೇಟುಗಳು ಗೋಡೆಯನ್ನು ಅಲಂಕರಿಸುತ್ತಿವೆ.

ಇದನ್ನು ಗತಕಾಲದ ಹಂಬಲವೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ವಿಷಯ ಅಷ್ಟು ಸರಳವಾಗಿಲ್ಲ. ಪ್ಲೇಟನ್ನು ಕೊಳ್ಳುವವರಲ್ಲಿ ಅನೇಕರು ಪ್ಲೇಟಿನ ಯುಗ ಮುಗಿದ ಮೇಲೆ ಹುಟ್ಟಿದವರು. ತಾವು ಕಾಣದ ಕಾಲಕ್ಕಾಗಿ ಹಂಬಲಿಸುವುದು ಹೇಗೆ? ನನ್ನ ವಿದ್ಯಾರ್ಥಿ ಇದಕ್ಕೆ ಸರಳವಾದ ಉತ್ತರ ಕೊಟ್ಟ. ಅಂಗೈಯ ಫೋನಿನಲ್ಲಿ ಲಕ್ಷಾಂತರ ಹಾಡುಗಳಿವೆ, ಆದುದರಿಂದ ಯಾವುದನ್ನೂ ಪೂರ್ತಿಯಾಗಿ ಕೇಳುವುದಿಲ್ಲ. ಪ್ಲೇಟು ಹಾಕಿದರೆ ಇಪ್ಪತ್ತು ನಿಮಿಷ ಕುಳಿತು ಕೇಳಲೇಬೇಕು, ಒಂದು ಮಗ್ಗುಲು ಮುಗಿದರೆ ಎದ್ದು ತಿರುಗಿಸಲೇಬೇಕು. ಗ್ರಂಥಾಲಯದ ಪುಸ್ತಕಕ್ಕೂ ಕೊಂಡು ತಂದ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಈ ಮಾತು ಅರ್ಥವಾಗದೆ ಇರಲಾರದು.

ಇನ್ನೊಂದು ಕಾರಣವನ್ನು ಆತ ಹೇಳಲಿಲ್ಲ, ತೋರಿಸಿದ. ಹೊದಿಕೆಯನ್ನು ಪುಸ್ತಕದಂತೆ ಬಿಡಿಸಿ ನನ್ನ ತೊಡೆಯ ಮೇಲಿಟ್ಟ.

*

ಆ ಪ್ಲೇಟಿನ ಹೆಸರು 'ಲೀಜ್ ಅಂಡ್ ಲೀಫ್'. ಹಾಡಿ ನುಡಿಸಿದವರು 'ಫೇರ್‌ಪೋರ್ಟ್ ಕನ್ವೆನ್ಷನ್' ಎಂಬ ಇಂಗ್ಲೆಂಡಿನ ತಂಡ. ಅರವತ್ತರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡು, ೧೯೬೫ರ ಜುಲೈಯಲ್ಲಿ ನ್ಯೂಪೋರ್ಟಿನ ಜಾನಪದ ಉತ್ಸವದಲ್ಲಿ ಅಭಿಮಾನಿಗಳನ್ನು ಬೆಚ್ಚಿಬೀಳಿಸಿದ ಕಥೆ ಪ್ರಸಿದ್ಧವಾದುದು. ಜಾನಪದ ಗೀತೆಯ ಸರಳತೆಯೂ ರಾಕ್ ಸಂಗೀತದ ಅಬ್ಬರವೂ ಕೂಡಿದ ಈ ಹೊಸ ಮಾರ್ಗಕ್ಕೆ 'ಫೋಕ್ ರಾಕ್' ಎಂಬ ಹೆಸರು ಬಂತು. ಫೇರ್‌ಪೋರ್ಟಿನವರೂ ಮೊದಮೊದಲು ಅಮೆರಿಕದ ಈ ಮಾರ್ಗವನ್ನೇ ಅನುಸರಿಸಿದವರು.

೧೯೬೯ರ ಮೇ ತಿಂಗಳಲ್ಲಿ ಕಚೇರಿಯಿಂದ ಹಿಂತಿರುಗುತ್ತಿದ್ದಾಗ ಅವರ ವ್ಯಾನು ಅಪಘಾತಕ್ಕೀಡಾಗಿ ಹತ್ತೊಂಬತ್ತು ವರ್ಷದ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಜೊತೆಯಲ್ಲಿದ್ದ ಒಬ್ಬ ಗೆಳತಿಯೂ ಸತ್ತಳು. ಉಳಿದವರು ಗುಣಮುಖರಾಗಿ ಆ ಬೇಸಿಗೆಯಲ್ಲಿ ಹ್ಯಾಂಪ್‌ಷೈರಿನ ಒಂದು ಹಳ್ಳಿಮನೆಯಲ್ಲಿ ಸೇರಿದರು. ಹಳೆಯ ರೀತಿಯಲ್ಲಿ ಹಾಡಲು ಮನಸ್ಸು ಒಪ್ಪಲಿಲ್ಲ. ತಂಡದ ಆಷ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಷಾರ್ಪ್ ಭವನದ ಗ್ರಂಥಾಲಯದಲ್ಲಿ ಕುಳಿತು ಹಳೆಯ ಹಾಡುಗಳನ್ನು ಹುಡುಕಿದ. ಸ್ಯಾಂಡಿ ಡೆನ್ನಿ ಅವುಗಳನ್ನು ಹಾಡಿದಳು. ಡೇವ್ ಸ್ವಾರ್ಬ್ರಿಕ್ ಪಿಟೀಲು ನುಡಿಸಿದ. ದುಃಖದಲ್ಲಿದ್ದ ಇಪ್ಪತ್ತು-ಇಪ್ಪತ್ತೆರಡರ ಹರೆಯದವರು ತಮ್ಮ ಅಜ್ಜಿಯರ ಹಾಡಿನಲ್ಲಿ ಆಸರೆ ಕಂಡರೆನ್ನಬಹುದು.

ಆ ಪ್ಲೇಟಿನಲ್ಲಿರುವ 'ಮ್ಯಾಟಿ ಗ್ರೋವ್ಸ್' ಮತ್ತು 'ಟ್ಯಾಮ್ ಲಿನ್' ಎಂಬ ಎರಡು ಕಥನಗೀತೆಗಳು ಹಾರ್ವರ್ಡಿನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ೧೮೮೨ರಿಂದ ೧೮೯೮ರವರೆಗೆ ಪ್ರಕಟಿಸಿದ ೩೦೫ ಗೀತೆಗಳ ಮಹಾಸಂಗ್ರಹದಲ್ಲಿ ಪಾಠಾಂತರಗಳ ಸಹಿತ ದೊರೆಯುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಾಕ್ ತಂಡವೊಂದರ ಈ ಪ್ಲೇಟಿನ ಹೊದಿಕೆಯ ಒಳಪುಟಗಳಲ್ಲಿ ಚೈಲ್ಡ್ ಪಂಡಿತನ ವಿಷಯವೂ, ಹಳ್ಳಿ ಹಳ್ಳಿ ತಿರುಗಿ ಹಾಡು ಸಂಗ್ರಹಿಸಿದ ಸೆಸಿಲ್ ಷಾರ್ಪನ ವಿಷಯವೂ, ಇಂಗ್ಲೆಂಡಿನ ಗ್ರಾಮೀಣ ಆಚರಣೆಗಳ ವಿಷಯವೂ ಚಿತ್ರಸಹಿತ ಅಚ್ಚಾಗಿವೆ. ಮರುಮುದ್ರಣದಲ್ಲಿಯೂ ಅವು ಇದ್ದುವು. ನನ್ನ ವಿದ್ಯಾರ್ಥಿಗೆ ಪಾಠ ನೆನಪಾದುದು ಹಾಡಿನಿಂದಲ್ಲ, ಈ ಪುಟಗಳಿಂದ.

ಸೆಸಿಲ್ ಷಾರ್ಪನ ವಿಷಯವಾಗಿ ಇನ್ನೊಂದು ಮಾತನ್ನು ಹೇಳಬೇಕು. ಆತ ೧೯೦೩ರಲ್ಲಿ ಸಾಮರ್‌ಸೆಟ್ಟಿನ ಒಂದು ಹಳ್ಳಿಯಲ್ಲಿ ಮೊತ್ತಮೊದಲ ಹಾಡನ್ನು ಬರೆದುಕೊಂಡುದು, ಪಾದ್ರಿಯ ತೋಟದಲ್ಲಿ ಹುಲ್ಲು ಕತ್ತರಿಸುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ ಒಬ್ಬ ಮಾಲಿಯಿಂದ. ಆ ಮಾಲಿಯ ಹೆಸರು ಜಾನ್ ಇಂಗ್ಲೆಂಡ್. ನೂರಿಪ್ಪತ್ತು ವರ್ಷಗಳು ಕಳೆದರೂ ಅವನ ಹೆಸರು ಉಳಿದಿದೆ. ಉಳಿದುದಕ್ಕೆ ಕಾರಣ ಇಷ್ಟೇ: ಷಾರ್ಪ್ ಅದನ್ನು ಕೇಳಿ ಬರೆದುಕೊಂಡ.

ಎಲ್ಲರೂ ಹೀಗೆ ನಡೆದುಕೊಂಡರೆಂದಲ್ಲ. ೧೯೬೬ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಎಂಬ ಅಮೆರಿಕದ ಜೋಡಿ 'ಸ್ಕಾರ್‌ಬರೋ ಫೇರ್' ಎಂಬ ಹಳೆಯ ಇಂಗ್ಲಿಷ್ ಜಾನಪದ ಗೀತೆಯನ್ನು ಹಾಡಿ ಜಗತ್ತನ್ನೇ ಗೆದ್ದಿತು. ಪಾಲ್ ಸೈಮನ್ನನಿಗೆ ಅದು ದೊರೆತುದು ಲಂಡನ್ನಿನಲ್ಲಿ ಮಾರ್ಟಿನ್ ಕಾರ್ಥಿ ಎಂಬ ಗಾಯಕ ಹಾಡುತ್ತಿದ್ದ ರೀತಿಯಿಂದ. ಪ್ಲೇಟಿನ ಮೇಲೆ ಕಾರ್ಥಿಯ ಹೆಸರಾಗಲಿ ಹಾಡಿನ ಪರಂಪರೆಯ ಉಲ್ಲೇಖವಾಗಲಿ ಇರಲಿಲ್ಲ. ಆ ಮುನಿಸು ದಶಕಗಳ ಕಾಲ ಉಳಿದು, ೨೦೦೦ದಲ್ಲಿ ಲಂಡನ್ನಿನ ವೇದಿಕೆಯೊಂದರ ಮೇಲೆ ಸೈಮನ್ ಕಾರ್ಥಿಯನ್ನು ಕರೆದು ಇಬ್ಬರೂ ಕೂಡಿ ಹಾಡಿದಾಗ ತೀರಿತು. ಹೆಸರೊಂದು ಬಿಟ್ಟುಹೋದರೆ ಏನು ಮಹಾ ಎನ್ನುವವರು ಈ ಮೂವತ್ತನಾಲ್ಕು ವರ್ಷಗಳನ್ನು ನೆನೆಯಬೇಕು.

*

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ.

ಹಾಡುಗಳ ಸಂಗ್ರಹದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದುದು ೧೯೩೧ರಲ್ಲಿ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿ, ಹಸೆಯ ಮೇಲೆ ಹುಟ್ಟಿದ ತ್ರಿಪದಿಗಳು ಶಿಷ್ಟ ಸಾಹಿತ್ಯದ ಎದುರಿಗೆ ತಲೆಯೆತ್ತಿ ನಿಂತುವು. ನವೋದಯದ ಕವಿಗಳು ಅವುಗಳಿಂದ ಪಡೆದ ಸಾಲ ಸಣ್ಣದಲ್ಲ. ಬೇಂದ್ರೆಯವರ ಲಯವನ್ನು ಹಲಸಂಗಿಯ ಹಿನ್ನೆಲೆಯಿಲ್ಲದೆ ಅರಿಯುವುದು ಕಷ್ಟ.

ಅಚ್ಚಿನಲ್ಲಿ ನಡೆದ ಈ ಕೆಲಸಕ್ಕೆ ಧ್ವನಿಯಲ್ಲಿ ಜೊತೆಯಾದವರು ಪಿ. ಕಾಳಿಂಗರಾಯರು (೧೯೧೪-೧೯೮೧). ದಕ್ಷಿಣ ಕನ್ನಡದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ರಂಗಭೂಮಿಯನ್ನೇರಿ, ಕನ್ನಡ ಚಲನಚಿತ್ರಗಳಿಗೂ ಸಂಗೀತ ನೀಡಿ, ಕೊನೆಗೆ ಕನ್ನಡ ಕವಿತೆಯನ್ನೇ ಕಂಠದಲ್ಲಿ ಹೊತ್ತು ನಾಡು ಸುತ್ತಿದವರು. ಮೋಹನಕುಮಾರಿ, ಸೋಹನಕುಮಾರಿ ಎಂಬ ಸೋದರಿಯರ ಜೊತೆಗೂಡಿ ಅವರು ಹಾಡಿದುದು ದಾಸರ ಪದಗಳು, ನವೋದಯದ ಭಾವಗೀತೆಗಳು, ಜಾನಪದ ಗೀತೆಗಳು. ಜಿ. ಪಿ. ರಾಜರತ್ನಂ ಅವರ ಕುಡುಕ ರತ್ನ, ಪುಸ್ತಕ ಓದದವರ ಮನೆಗೂ ನಡೆದು ಹೋದುದು ಕಾಳಿಂಗರಾಯರ ಕಂಠವನ್ನೇರಿ ಎಂದರೆ ತಪ್ಪಾಗಲಾರದು. ಹಳ್ಳಿಯ ಮಾತು, ನಗರದ ವಾದ್ಯಗೋಷ್ಠಿ, ಗ್ರಾಮಫೋನಿನ ಪ್ಲೇಟು, ಈ ಮೂರೂ ಅವರಲ್ಲಿ ಒಂದಾದುವು. ಇಂಗ್ಲೆಂಡಿನ ತರುಣರು ೧೯೬೯ರಲ್ಲಿ ಮಾಡಿದ ಕೆಲಸದ ಒಂದಂಶವನ್ನು, ವಿದ್ಯುತ್ ಗಿಟಾರಿನ ಅಬ್ಬರವಿಲ್ಲದೆ, ಕಾಳಿಂಗರಾಯರು ಅದಕ್ಕೂ ಮುಂಚೆಯೇ ಮಾಡಿದ್ದರು.

ಹತ್ತು ಅಂಗುಲದ, ನಿಮಿಷಕ್ಕೆ ೭೮ ಸುತ್ತು ತಿರುಗುವ ಅಂದಿನ ಪ್ಲೇಟು ಅರಗಿನಿಂದಾದದ್ದು. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷಗಳ ಹಾಡು. ಕೈ ಜಾರಿದರೆ ಹೆಂಚಿನಂತೆ ಚೂರು. ಹೆಚ್ಚು ಕಾಲ ತಿರುಗುವ ವಿನೈಲ್ ಪ್ಲೇಟು, ಎಂದರೆ ಎಲ್. ಪಿ., ನ್ಯೂಯಾರ್ಕಿನಲ್ಲಿ ಬೆಳಕು ಕಂಡುದು ೧೯೪೮ರ ಜೂನಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ರಾಜಾಜಿಯವರು ನಮ್ಮ ಜಯನಗರದ ಅಶೋಕ ಸ್ತಂಭವನ್ನು ಉದ್ಘಾಟಿಸಿದರು. ಬಡಾವಣೆಯೂ ಎಲ್. ಪಿ.ಯೂ ಹೀಗೆ ಒಂದೇ ವಯಸ್ಸಿನವು. ಆದರೂ ನಮ್ಮ ದೇಶದಲ್ಲಿ ಅರಗಿನ ಪ್ಲೇಟು ಬಹುಕಾಲ ಬಾಳಿತು. ಬೀಟಲ್ಸ್ ತಂಡದ ಹಾಡುಗಳು ಕೂಡ ಅರವತ್ತರ ದಶಕದಲ್ಲಿ ಇಲ್ಲಿ ೭೮ ಸುತ್ತಿನ ಪ್ಲೇಟುಗಳಾಗಿ ಪ್ರಕಟವಾದುವೆಂಬುದು ಇಂದು ಜಗತ್ತಿನ ಸಂಗ್ರಾಹಕರಿಗೆ ಬೆರಗಿನ ವಿಷಯ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟಾಗಿ ಬಂತು. ಸಿ. ಅಶ್ವಥ್ ಅವರು ಶಿಶುನಾಳ ಷರೀಫರ ತತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದರು. ನಿಜವಾದ ಫೋಕ್ ರಾಕ್ ಕನ್ನಡಕ್ಕೆ ಬಂದುದು ಇನ್ನೂ ತಡವಾಗಿ. ೨೦೦೮ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲಿ ಅದೇ ಷರೀಫರ ಪದ ವಿದ್ಯುತ್ ಗಿಟಾರಿನೊಡನೆ ಕೇಳಿಬಂತು. ೨೦೨೧ರಲ್ಲಿ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಮಾದಪ್ಪನ ಬೆಟ್ಟದ 'ಸೋಜುಗದ ಸೂಜು ಮಲ್ಲಿಗೆ' ಮೊಳಗಿ, ಅದುವರೆಗೆ ಕಂಸಾಳೆಯ ಹೆಸರನ್ನೂ ಕೇಳದಿದ್ದ ನನ್ನ ವಿದ್ಯಾರ್ಥಿಗಳ ನಾಲಗೆಯ ಮೇಲೆ ನಲಿದಾಡಿತು. ಹಾಡು ಸಾಯುತ್ತಿದೆಯೆಂದು ಅಳುವವರಿಗೆ ಇದು ಉತ್ತರ. ಹಾಡು ಸಾಯುತ್ತಿಲ್ಲ. ಹಾಗಾದರೆ ನಾವು ಕಳೆದುಕೊಳ್ಳುತ್ತಿರುವುದೇನು?

*

ಕನ್ನಡದ ವಿದ್ಯಾರ್ಥಿಯಾದ ನನಗೆ ಪ್ಲೇಟಿನ ಮರುಮುದ್ರಣವೆಂಬುದು ಗ್ರಂಥಸಂಪಾದನೆಯ ಒಂದು ಶಾಖೆಯಾಗಿಯೇ ಕಾಣುತ್ತದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಪ್ರಕಟವಾದುದು ೧೯೬೪ರಲ್ಲಿ. ಓಲೆಗರಿಯ ಪ್ರತಿಗಳನ್ನು ಹೋಲಿಸಿ, ಯಾವುದು ಯಾವುದರಿಂದ ಹುಟ್ಟಿತೆಂದು ವಂಶವೃಕ್ಷ ಬರೆದು, ಲಿಪಿಕಾರನ ತಪ್ಪನ್ನು ಕವಿಯ ತಪ್ಪೆನ್ನದೆ ಮೂಲಪಾಠದ ಸಮೀಪಕ್ಕೆ ಹೋಗುವ ಬಗೆಯನ್ನು ಕನ್ನಡಿಗರು ಕಲಿತುದು ಅಂಥ ಗುರುಗಳಿಂದ.

ಪ್ಲೇಟಿಗೂ ಇಂಥದೇ ವಂಶವೃಕ್ಷವಿದೆ. ಧ್ವನಿಯನ್ನು ಮೊದಲು ಅರಗಿನಂಥ ಮೆದು ಲೇಪವುಳ್ಳ ಬಿಲ್ಲೆಯ ಮೇಲೆ ಕೊರೆಯುತ್ತಾರೆ. ಅದಕ್ಕೆ ಲೋಹದ ಲೇಪ ಕೊಟ್ಟು ಬಿಡಿಸಿದರೆ ಉಬ್ಬುಗೆರೆಗಳುಳ್ಳ ಲೋಹದ ಅಚ್ಚು ದೊರೆಯುತ್ತದೆ. ಕಸಬುದಾರರು ಅದನ್ನು 'ತಂದೆ' ಎಂದು ಕರೆಯುತ್ತಾರೆ. ತಂದೆಯಿಂದ 'ತಾಯಿ', ತಾಯಿಯಿಂದ ಪ್ಲೇಟುಗಳನ್ನು ಒತ್ತುವ ಅಚ್ಚು. ಒಂದೊಂದು ತಲೆಮಾರಿಗೂ ಒಂದಿಷ್ಟು ಸೂಕ್ಷ್ಮ ಸವೆಯುತ್ತದೆ. ಮರುಮುದ್ರಕನಿಗೆ ತಂದೆ ಸಿಕ್ಕಿತೋ, ತಾಯಿ ಸಿಕ್ಕಿತೋ, ಅಥವಾ ಯಾರದೋ ಮನೆಯಲ್ಲಿ ಸಾವಿರ ಸಲ ಮುಳ್ಳು ಹರಿದ ಹಳೆಯ ಪ್ಲೇಟೇ ಗತಿಯಾಯಿತೋ ಎಂಬುದನ್ನು ಆತ ಹೇಳಬೇಕು. ಹೇಳದೆ ಹೋದರೆ ಕೊಂಡವನಿಗೆ ಮೋಸ. ೨೦೨೨ರಲ್ಲಿ ಅಮೆರಿಕದ ಹೆಸರಾಂತ ಮರುಮುದ್ರಣ ಸಂಸ್ಥೆಯೊಂದು ಹಳೆಯ ಟೇಪಿನಿಂದ ನೇರವಾಗಿ ಕೊರೆದುದೆಂದು ಜನ ನಂಬಿದ್ದ ಪ್ಲೇಟುಗಳಿಗೆ ನಡುವೆ ಡಿಜಿಟಲ್ ಪ್ರತಿಯನ್ನು ಬಳಸಿದ್ದುದು ಹೊರಬಿದ್ದು, ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. ಕಿವಿಗೆ ಅಂತರ ತಿಳಿದಿರಲಿಲ್ಲ, ಮಾತಿಗೆ ತಿಳಿಯಿತು. ಸಂಪಾದಕ ತಾನು ಬಳಸಿದ ಪ್ರತಿಯನ್ನು ಮುನ್ನುಡಿಯಲ್ಲಿ ಹೇಳಲೇಬೇಕೆಂಬ ನಮ್ಮ ಹಳೆಯ ನಿಯಮದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಕನ್ನಡದಲ್ಲಿ ಈ ಕೆಲಸಕ್ಕೆ ಕಾಲ ಕೂಡಿಬಂದಿದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷಗಳ ಕಾಲ ಉಳಿಯುತ್ತದೆ. ಎಂದರೆ ೧೯೬೪ರಲ್ಲಾಗಲಿ ಅದಕ್ಕಿಂತ ಮುಂಚೆಯಾಗಲಿ ಪ್ರಕಟವಾದ ಪ್ಲೇಟುಗಳ ಧ್ವನಿ ಇಂದು ಸಾರ್ವಜನಿಕರದು. ಸಾಹಿತ್ಯದ ಹಕ್ಕು ಬೇರೆ; ಅದು ಕವಿ ಕಾಲವಾದ ಮೇಲೆ ಅರವತ್ತು ವರ್ಷ ನಿಲ್ಲುತ್ತದೆ. ೧೯೭೯ರಲ್ಲಿ ತೀರಿಕೊಂಡ ರಾಜರತ್ನಂ ಅವರ ಪದಗಳಿಗೆ ೨೦೩೯ರ ಕೊನೆಯವರೆಗೆ, ೧೯೮೧ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ ೨೦೪೧ರ ಕೊನೆಯವರೆಗೆ ಅನುಮತಿ ಬೇಕು. ದಾಸರ ಪದಕ್ಕೂ ಜಾನಪದ ಗೀತೆಗೂ ಅಂಥ ತಡೆಯಿಲ್ಲ. ಮೂರು ನಿಮಿಷದ ಹನ್ನೆರಡು ಹಾಡುಗಳು ಒಂದು ಎಲ್. ಪಿ.ಯ ಎರಡು ಮಗ್ಗುಲುಗಳಲ್ಲಿ ಸುಖವಾಗಿ ಹಿಡಿಸುತ್ತವೆ. ಕಾಯಿದೆ ಬಾಗಿಲು ತೆರೆದಿದೆ, ಯಂತ್ರ ಸಿದ್ಧವಾಗಿದೆ, ಕೊಳ್ಳುವ ತರುಣರಿದ್ದಾರೆ. ಇಲ್ಲದಿರುವುದು ಸಂಪಾದಕ.

*

ಸಂಪಾದಕ ಏಕೆ ಬೇಕೆಂಬುದನ್ನು ತಿಳಿಯಲು ಗ್ರಾಮಫೋನಿನ ಶೈಶವಕ್ಕೆ ಹೋಗಬೇಕು. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಪ್ಲೇಟುಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡು ಯಾರದೆಂದು ತಿಳಿಯಲೆಂದು ಹಾಡಿನ ಕೊನೆಯಲ್ಲಿ ಗಾಯಕಿ ಗಟ್ಟಿಯಾಗಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ಈ ಪದ್ಧತಿ ಅವಳಿಗೆ ಕೀರ್ತಿ ತಂದಿತು. ಆ ಮಹಾ ಗಾಯಕಿ ಬದುಕಿನ ಕೊನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿ ಕಣ್ಮುಚ್ಚಿದಳು. ಅವಳ ಸಂಪತ್ತು ಕರಗಿಹೋಯಿತು. ತಾನೇ ಸಾರಿದ ಹೆಸರು ಇಂದಿಗೂ ಪ್ಲೇಟಿನೊಳಗಿಂದ ಕೇಳುತ್ತದೆ.

ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ವಚನಕಾರರಿಗೆ ಅಂಕಿತವಿದೆ, ಹರಿದಾಸರಿಗೆ ಮುದ್ರಿಕೆಯಿದೆ, ಷರೀಫರ ಪದ ಶಿಶುನಾಳದ ಹೆಸರಿನಲ್ಲಿಯೇ ಮುಗಿಯುತ್ತದೆ. ಇಷ್ಟದೈವದ ಹೆಸರಿನಲ್ಲಿ ಹಾಡಿದವನ ಗುರುತೂ ಅಡಗಿರುತ್ತದೆ. ಅಂಕಿತವಿಲ್ಲದವಳು ಒಬ್ಬಳೇ: ಬೀಸುವ ಕಲ್ಲಿನ ಮುಂದೆ ಕುಳಿತವಳು. ಹಲಸಂಗಿಯ ಸಂಗ್ರಾಹಕರ ಹೆಸರುಗಳನ್ನು ನನ್ನ ವಿದ್ಯಾರ್ಥಿಗಳು ತಡವರಿಸದೆ ಹೇಳುತ್ತಾರೆ. ಹಾಡಿದ ಗರತಿಯರಲ್ಲಿ ಒಬ್ಬಳ ಹೆಸರನ್ನಾದರೂ ಹೇಳಿರೆಂದರೆ ತರಗತಿ ಮೌನವಾಗುತ್ತದೆ. ಮೇಷ್ಟರೂ ಮೌನವಾಗಿರುತ್ತಾರೆ.

ಈ ಮೌನದಲ್ಲಿ ನನ್ನ ಪಾಲೂ ಇದೆ. ಎಂ. ಎ. ಓದುತ್ತಿದ್ದಾಗ ಕ್ಷೇತ್ರಕಾರ್ಯಕ್ಕೆಂದು ಮಂಡ್ಯದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಸಾಲ ತಂದ ಟೇಪ್ ರೆಕಾರ್ಡರು, ನಾಲ್ಕು ಕ್ಯಾಸೆಟ್ಟುಗಳು. ಎಪ್ಪತ್ತು ದಾಟಿದ ಒಬ್ಬ ತಾಯಿ ಹೊಲದಿಂದ ಬಂದು, ಕೈಕಾಲು ತೊಳೆದು, ಜಗುಲಿಯ ಮೇಲೆ ಕುಳಿತು ಎರಡು ಇರುಳು ಹಾಡಿದರು. ಸೋಬಾನೆ, ಬೀಸುವ ಪದ, 'ಕೆರೆಗೆ ಹಾರ'ದ ಒಂದು ಪಾಠಾಂತರ. ಕೆರೆಗೆ ಬಲಿಯಾಗುವ ಸೊಸೆಯ ಕಥೆಯನ್ನು ಹಾಡುತ್ತ ಒಂದೆಡೆ ನಿಲ್ಲಿಸಿ, "ಅವ್ಳಿಗ್ ಗೊತ್ತಿತ್ತು ಕಣಪ್ಪ, ಗೊತ್ತಿದ್ದೇ ವೋದ್ಳು" ಎಂದರು. ನಾನು ಅದುವರೆಗೆ ಓದಿದ್ದ ಯಾವ ವಿಮರ್ಶೆಯೂ ಅಷ್ಟು ಹೇಳಿರಲಿಲ್ಲ. ಹಾಡುಗಳನ್ನು ಬರೆದುಕೊಂಡೆ, ಛಂದಸ್ಸನ್ನು ಗುರುತಿಸಿದೆ, ಪ್ರಬಂಧ ಸಲ್ಲಿಸಿದೆ, ಒಳ್ಳೆಯ ಅಂಕಗಳು ಬಂದುವು. ಅನುಬಂಧದಲ್ಲಿ ಅವರು 'ವಕ್ತೃ-೭, ಹೆಂಗಸು, ಸುಮಾರು ೭೦ ವರ್ಷ' ಎಂದಾದರು. ಎರಡು ದಿನ ಅವರ ಮನೆಯ ಮುದ್ದೆ ಉಂಡವನು ಅವ್ವ ಎಂದು ಕರೆದೆನೇ ಹೊರತು ಹೆಸರು ಕೇಳಲಿಲ್ಲ. ಹಲವು ವರ್ಷಗಳ ಮೇಲೆ ಹಳ್ಳಿಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ನೆರೆಯವರೂ "ದೊಡ್ಡವ್ವ" ಎಂದಷ್ಟೇ ಅಂದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ನಾಳೆ ಯಾವುದಾದರೂ ತಂಡ ಆ ಹಾಡನ್ನು ಗಿಟಾರಿಗೆ ಹೊಂದಿಸಿ ಅಚ್ಚು ಹಾಕಿದರೆ, ಹೊದಿಕೆಯ ಮೇಲೆ 'ಜಾನಪದ' ಎಂಬ ಒಂದು ಪದ ಇರುತ್ತದೆ. ಅದಕ್ಕಿಂತ ಹೆಚ್ಚು ಬರೆಯಲು ಬೇಕಾದುದನ್ನು ನಾನು ಅವರಿಗೆ ಕೊಡಲಾರೆ.

ಜಾನಪದ ಗೀತೆಗೆ ಕರ್ತೃವಿಲ್ಲ, ಅದು ಸಮುದಾಯದ ಸೊತ್ತು, ಹೆಸರು ಹುಡುಕುವುದೇ ಅದರ ಸ್ವಭಾವಕ್ಕೆ ವಿರುದ್ಧ ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವಿದೆ. ಆದರೆ ಹಾಡು ಸಮುದಾಯದ್ದಾದರೂ ಧ್ವನಿ ಒಬ್ಬರದು. ಅವ್ವ ಕಥೆಯನ್ನು ನಿಲ್ಲಿಸಿದ ಜಾಗ ಸಮುದಾಯದ್ದಲ್ಲ, ಅವರದು. ನಮ್ಮ ಕಾಯಿದೆಯೂ ೧೯೯೪ರ ತಿದ್ದುಪಡಿಯಿಂದ ಹಾಡುವವರಿಗೆ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕನ್ನು ಮನ್ನಿಸಿದೆ. ಹೆಸರೇ ತಿಳಿಯದವರಿಗೆ ಆ ಹಕ್ಕನ್ನು ಮುಟ್ಟಿಸುವುದು ಹೇಗೆ?

*

ಮಾಡಬಹುದಾದ ಕೆಲಸ ಇದೆ, ಅದು ನಮ್ಮ ಕೈಗೆ ಮೀರಿದ್ದೂ ಅಲ್ಲ. ಜೆ. ಪಿ. ನಗರದ ಏಳನೆಯ ಹಂತದಲ್ಲಿ ೨೦೧೯ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತ ವಸ್ತುಸಂಗ್ರಹಾಲಯ ನಮ್ಮ ಬಡಾವಣೆಗಳ ನಡುವೆಯೇ ಇದೆ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ಕಟ್ಟಿ ನಿಲ್ಲಿಸಿದ ಜಾನಪದ ಲೋಕ ಒಂದು ಗಂಟೆಯ ದಾರಿ. ದಕ್ಷಿಣ ಬೆಂಗಳೂರಿನ ಕಾಲೇಜುಗಳಲ್ಲಿ ಕನ್ನಡ ಓದುವ ಮಕ್ಕಳಿದ್ದಾರೆ; ಜಯನಗರ, ಬಸವನಗುಡಿಗಳ ಹಳೆಯ ಮನೆಗಳ ಅಟ್ಟದ ಮೇಲೆ ಅಜ್ಜಂದಿರ ಪ್ಲೇಟುಗಳಿವೆ.

ಕೊರತೆಯಿರುವುದು ಇವರನ್ನು ಕೂಡಿಸುವುದರಲ್ಲಿ. ಹಳೆಯ ಮನೆ ಒಡೆದು ಬಹುಮಹಡಿ ಏಳುವಾಗ ಅಟ್ಟದ ಪ್ಲೇಟುಗಳು ಗುಜರಿಗೆ ಹೋಗುತ್ತವೆ. ಗುಜರಿಯಿಂದ ಅಲಂಕಾರದ ಅಂಗಡಿಗೆ. ಇತ್ತೀಚೆಗೆ ಕಾಫಿ ಮಂದಿರವೊಂದರಲ್ಲಿ ೭೮ ಸುತ್ತಿನ ಪ್ಲೇಟೊಂದನ್ನು ಗಡಿಯಾರವಾಗಿ ಮಾಡಿ ತೂಗುಹಾಕಿದ್ದರು. ನಡುವಿನ ಕಾಗದದ ಮೇಲೆ ಕನ್ನಡದ ಅಕ್ಷರಗಳಿದ್ದುವು. ಹಾಡಿದವರ ಹೆಸರಿರಬೇಕಾದ ಎಡೆಯಲ್ಲಿಯೇ ಮುಳ್ಳುಗಳಿಗಾಗಿ ತೂತು ಕೊರೆದಿದ್ದರು.

ಒಂದು ಕಾಲೇಜಿನ ಒಂದು ತರಗತಿ ಒಂದು ವರ್ಷದಲ್ಲಿ ನೂರು ಪ್ಲೇಟುಗಳ ನಡುಚೀಟಿಗಳನ್ನು ಓದಿ ಪಟ್ಟಿ ಮಾಡಬಲ್ಲುದು: ಹಾಡು, ಕವಿ, ಗಾಯಕರು, ವಾದ್ಯದವರು, ಪ್ಲೇಟಿನ ಸಂಖ್ಯೆ. ಯಾವ ಹೆಸರಿಲ್ಲವೋ ಅದಕ್ಕಾಗಿ ಬದುಕಿರುವ ಹಿರಿಯರನ್ನು ಕೇಳಬಲ್ಲುದು. ಆಕಾಶವಾಣಿಯಲ್ಲಿ ಹಾಡಿದವರು, ಹಿಮ್ಮೇಳದಲ್ಲಿ ಕುಳಿತವರು ಇನ್ನೂ ಕೆಲವರು ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ. ಮೂರು ನಾಲ್ಕು ಸಾವಿರ ರೂಪಾಯಿಯ ಪ್ಲೇಟನ್ನು ಕನ್ನಡದ ವಿದ್ಯಾರ್ಥಿಗಳೆಲ್ಲರೂ ಕೊಳ್ಳಲಾರರು, ಕೊಳ್ಳಬೇಕಾಗಿಯೂ ಇಲ್ಲ. ಆದರೆ ಹನ್ನೆರಡು ಅಂಗುಲದ ಹೊದಿಕೆಯಲ್ಲಿ ಹೆಸರುಗಳನ್ನು ಬರೆಯಲು ಸ್ಥಳವಿದೆ. ಈ ಹೊಸ ಶೋಕಿಯಿಂದ ನಮ್ಮ ಭಾಷೆಗೆ ಲಾಭವಾಗುವುದಿದ್ದರೆ ಅದು ಆ ಸ್ಥಳದಿಂದ.

ಮೊನ್ನೆ ಲಾಲ್‌ಬಾಗಿನ ಕಡೆಯಿಂದ ಕಾರ್ಪೊರೇಷನ್ ವೃತ್ತಕ್ಕೆ ಆಟೋದಲ್ಲಿ ಹೋಗುತ್ತಿದ್ದೆ. "ಕಾಳಿಂಗರಾವ್ ರಸ್ತೆಯಲ್ಲಿ ಹೋಗಿಯಪ್ಪ" ಎಂದೆ. ಚಾಲಕ ತಿರುಗಿ ನೋಡಿದ. "ಅದ್ಯಾವ್ದು ಸಾರ್?" "ಮಿಷನ್ ರೋಡು" ಎಂದೆ. "ಹಂಗನ್ನಿ" ಎಂದು ಗಾಡಿ ತಿರುಗಿಸಿದ. ರಸ್ತೆಗೆ ಪಿ. ಕಾಳಿಂಗರಾಯರ ಹೆಸರಿಟ್ಟು ಎಷ್ಟೋ ಕಾಲವಾಯಿತು, ಫಲಕವೂ ಇದೆ. ಆತ ದಾರಿಯುದ್ದಕ್ಕೂ ಏನನ್ನೋ ಗುನುಗುತ್ತಿದ್ದ. ಕಿವಿಗೊಟ್ಟು ಕೇಳಿದೆ, ಮಾದಪ್ಪನ ಪದ. ಯಾರಿಂದ ಕಲಿತಿರಿ ಎಂದು ಕೇಳಿದೆ. "ನಮ್ಮಜ್ಜಿ ಹಾಡೋರು ಸಾರ್" ಎಂದ. ಈ ಸಲ ನಾನು ಅಜ್ಜಿಯ ಹೆಸರನ್ನೂ ಊರನ್ನೂ ಕೇಳಿ ಬರೆದುಕೊಂಡೆ.